ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಎಷ್ಟರ ಉಡುಗೊರೆ? 500, 2,000, 5,000, 14,000 ನಾಲ್ಕೂ ಕೊಟ್ಟು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಲೆಕ್ಕ 2,000 ರೂಪಾಯಿ. ಅಕ್ಕನ ಮಗನಾಗಲಿ, ಪಕ್ಕದ ತೋಟದವರ ಮಗಳಾಗಲಿ, 625ಕ್ಕೆ 610 ತೆಗೆದಿರಲಿ, 250 ತೆಗೆದಿರಲಿ, ಎರಡೇ ಸಾವಿರ. ಮೂರು ವರ್ಷ ಬೇರೆ ಬೇರೆ ಮೊತ್ತ ಕೊಟ್ಟು, ಒಂದು ಸಲ ಚೆನ್ನಾಗಿ ಪೆಟ್ಟು ತಿಂದ ಮೇಲೆ ಈ ಲೆಕ್ಕಕ್ಕೆ ಬಂದಿದ್ದೇನೆ.

ನಮ್ಮದು ಸೋಮವಾರಪೇಟೆ ಕಡೆ ಮೂರು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು. ನಮ್ಮಂಥವರಿಗೆ ಎಸ್ಸೆಸ್ಸೆಲ್ಸಿ ರಿಸಲ್ಟು ಬರುವ ಸಮಯವೇ ಸರಿಯಿಲ್ಲ. 2023ರಲ್ಲಿ ಮೇ 8ಕ್ಕೆ ಬಂತು, 2024ರಲ್ಲಿ ಮೇ 9ಕ್ಕೆ, 2025ರಲ್ಲಿ ಮೇ 2ಕ್ಕೆ. ಕಾಫಿ ಮಾರಿದ ದುಡ್ಡು ಅಷ್ಟರಲ್ಲಿ ಸೊಸೈಟಿ ಸಾಲಕ್ಕೆ ಹೋಗಿರುತ್ತದೆ. ಮಳೆ ಹಿಡಿಯುವ ಮೊದಲು ಗೊಬ್ಬರ ಹಾಕಬೇಕು, ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ ಮುಗಿಸಬೇಕು, ಸೌದೆ ಒಟ್ಟಬೇಕು. ಸ್ವಂತ ಮಕ್ಕಳ ಫೀಸು ಬೇರೆ. ಅದೇ ತಿಂಗಳಲ್ಲಿ ವಾರಕ್ಕೆರಡು ಮದುವೆ, ಅದರ ಮುಯ್ಯಿ. ಅಂಥ ಮೇ ತಿಂಗಳಲ್ಲಿ ಫೋನ್ ಬರುತ್ತದೆ: ‘ಮಾವಾ, ನಾನು ಪಾಸ್!’ ಕೈಯಲ್ಲಿ ಎಷ್ಟಿದೆ ಅಂತ ಆಗ ಯಾರು ನೋಡುತ್ತಾರೆ?

ನಾನು ನೋಡಲಿಲ್ಲ. 2023ರಲ್ಲಿ ಅಕ್ಕನ ಮಗ 588 ತೆಗೆದ. ನಾನು ಸೋದರಮಾವ. ಕುಶಾಲನಗರಕ್ಕೆ ಹೋಗಿ 13,999ರ ಫೋನು ತಂದೆ. ಅಂಗಡಿಯವನು ಕವರನ್ನೂ ಗಾಜನ್ನೂ ಅಂಟಿಸಿ ಇನ್ನೂ ನಾನ್ನೂರು ತೆಗೆದುಕೊಂಡ. ಹುಡುಗ ಕುಣಿದಾಡಿದ. ಅಕ್ಕನ ಕಣ್ಣಲ್ಲಿ ನೀರು. ಆ ಸಂಜೆ ಮಟ್ಟಿಗೆ 14,000ಕ್ಕೆ ಮೋಸವಿಲ್ಲ ಅನ್ನಬೇಕು.

ಜೂನ್‌ನಲ್ಲಿ ಅವನನ್ನು ಘಟ್ಟದ ಕೆಳಗಿನ ಒಂದು ಪಿಯು ಕಾಲೇಜಿಗೆ ಸೇರಿಸಿದರು. ಹಾಸ್ಟೆಲ್‌. ಬಕೆಟ್ಟು, ಬೆಡ್‌ಶೀಟು, ಟ್ರಂಕು, ಬೀಗ ಎಲ್ಲದರ ಪಟ್ಟಿ ಕೊಟ್ಟಿದ್ದರು. ಅದರ ಹಿಂಬದಿಯಲ್ಲಿ ಒಂದು ಸಾಲು ಇತ್ತಂತೆ, ಮೊಬೈಲ್ ಇಟ್ಟುಕೊಳ್ಳುವಂತಿಲ್ಲ ಅಂತ. ಹಿಂಬದಿ ಯಾರೂ ಓದಿರಲಿಲ್ಲ. ಓದಿದ್ದರೂ ‘ಎಲ್ಲ ಕಡೆ ಹಾಗೇ ಬರೀತಾರೆ ಬಿಡು’ ಅನ್ನುತ್ತಿದ್ದೆವು. ಹಾಸ್ಟೆಲ್ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ‘ಇದನ್ನು ಈಗಲೇ ವಾಪಸ್ ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ವರ್ಷ ಮುಗಿಯುವ ತನಕ ನಮ್ಮ ಕಪಾಟಿನಲ್ಲಿರುತ್ತದೆ’ ಎಂದರು. ಸಂಪಾಜೆ ಘಾಟಿ ಹತ್ತುವಾಗ ಅಕ್ಕ ಮಡಿಲಲ್ಲಿ ಫೋನು ಇಟ್ಟುಕೊಂಡು ಕೂತಿದ್ದಳು. ಮಗನನ್ನು ಬಿಟ್ಟು ಬಂದ ಬೇಸರ, ಅದರ ಮೇಲೆ ಇದೊಂದು.

ಬೀರುವಿನಲ್ಲಿಟ್ಟು ಮರೆತುಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹುಡುಗ ಅಷ್ಟರಲ್ಲಿ ಹೊಸ ಸಿಮ್ ಹಾಕಿ, ಆ ನಂಬರನ್ನೇ ಕಾಲೇಜಿನ ಅರ್ಜಿಗೂ ಬ್ಯಾಂಕಿಗೂ ಕೊಟ್ಟಿದ್ದ. ಒಟಿಪಿ ಬಂದರೆ ಅದಕ್ಕೇ ಬರಬೇಕು. ಕಾಲೇಜಿನ ಮೆಸೇಜೂ ಅದಕ್ಕೇ. ಹಾಗಾಗಿ 28 ದಿನಕ್ಕೊಮ್ಮೆ ರೀಚಾರ್ಜ್. ಬಳಸುವವನೇ ಇಲ್ಲದ ಫೋನಿಗೆ!

ಅಕ್ಕನ ಮನೆ ಇರುವುದು ಗುಡ್ಡದ ಬದಿ. ನೆಟ್‌ವರ್ಕ್ ಸಿಗುವುದು ಅಡುಗೆಮನೆಯ ಒಲೆ ಪಕ್ಕದ ಕಿಟಕಿಯಲ್ಲಿ ಮಾತ್ರ. ಜುಲೈ ಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಹೋದರೆ ಟವರೂ ಸತ್ತಂತೆ. ಕರೆಂಟ್ ಬಂದ ಕೂಡಲೇ ಅಕ್ಕ ಫೋನು ಹೊರಗೆ ತೆಗೆದು, ಚಾರ್ಜಿಗೆ ಹಾಕಿ, ಕಿಟಕಿಗೆ ಒರಗಿಸಿ, ಮೆಸೇಜು ನೋಡಿ, ಬಟ್ಟೆಯಲ್ಲಿ ಸುತ್ತಿ ಮತ್ತೆ ಒಳಗಿಡುತ್ತಿದ್ದಳು. ‘ನೀನು ಮಗನಿಗೆ ಫೋನು ಕೊಟ್ಟದ್ದೋ, ನನಗೆ ಒಂದು ಕರು ಕಟ್ಟಿದ್ದೋ’ ಅಂತ ಒಮ್ಮೆ ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ.

ದಸರಾ ರಜೆಯಲ್ಲಿ ಹುಡುಗ ಬಂದ. ನಾಲ್ಕು ತಿಂಗಳ ಹಸಿವು ನೋಡಿ, ರಾತ್ರಿ ಎರಡು ಗಂಟೆ ತನಕ ಆಟ. ಭಾವ ಬೈದರು. ಯಾರಿಗೆ? ನನಗೆ. ‘ನಿನ್ನ ತಮ್ಮ ಕೊಟ್ಟದ್ದು ನೋಡು’ ಅಂತ. ಎರಡು ವರ್ಷ ಇದೇ ನಡೆಯಿತು. ಸೆಕೆಂಡ್ ಪಿಯು ಮುಗಿಸಿ ಹುಡುಗ ಹೊರಗೆ ಬರುವಷ್ಟರಲ್ಲಿ ಬ್ಯಾಟರಿ ಅರ್ಧ ದಿನಕ್ಕೂ ಸಾಲದು. ಫೋನನ್ನೇ ಎಕ್ಸ್‌ಚೇಂಜ್ ಮಾಡೋಣ ಅಂತ ತೆಗೆದುಕೊಂಡು ಹೋದರೆ, ಹಳೆಯದಕ್ಕೆ ಅಂಗಡಿಯವನು ಕೊಡುತ್ತೇನೆ ಅಂದದ್ದು 3,500. ಬಾಕ್ಸ್ ಇದ್ದಿದ್ದರೆ ಇನ್ನೂ ಇನ್ನೂರು ಕೊಡುತ್ತಿದ್ದನಂತೆ.

ಇದೆಲ್ಲ ಹೋಗಲಿ, ನಗಾಡಿ ಮರೆಯಬಹುದು. ಮರೆಯಲಾಗದ್ದು ಬೇರೆ ಇದೆ.

ನಮ್ಮ ಮನೆಯಲ್ಲಿ ಮುಯ್ಯಿ ಪುಸ್ತಕ ಇದೆ. ನನ್ನ ಹೆಂಡತಿ ಬರೆಯುತ್ತಾಳೆ. ಯಾರ ಮನೆಯ ಯಾವ ಕಾರ್ಯಕ್ಕೆ ಎಷ್ಟು ಕೊಟ್ಟೆವು, ನಮಗೆ ಎಷ್ಟು ಬಂತು, ಎಲ್ಲ. ಇಂಥ ಪುಸ್ತಕ ಭಾವನ ಮನೆಯಲ್ಲೂ ಇದೆ ಅನ್ನುವುದನ್ನು ನಾನು ಮರೆತಿದ್ದೆ. 2024ರ ಏಪ್ರಿಲ್‌ನಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ. ಭಾವನ ಕವರಿನಲ್ಲಿ 15,000 ಇತ್ತು. ನಾವು ಖುಷಿಪಟ್ಟೆವು. ಆ ವರ್ಷ ಅವರ ಮೆಣಸಿಗೆ ರೋಗ ಬಂದು ಬಳ್ಳಿಯೇ ಒಣಗಿತ್ತು. ಸಿಕ್ಕಿದ್ದ ಸ್ವಲ್ಪ ಮೆಣಸನ್ನು ರೇಟು ನೋಡಿ ಮಾರೋಣ ಅಂತ ಇಟ್ಟುಕೊಂಡಿದ್ದರು. ಅದನ್ನೇ ತೆಗೆದು, ಬಂದ ರೇಟಿಗೆ ಮಾರಿ, ನಮ್ಮ ಕವರಿಗೆ ಹಾಕಿದ್ದರು. ಅಕ್ಕ ಇದನ್ನು ಹೇಳಿದ್ದು ಒಂದು ವರ್ಷದ ನಂತರ, ಅದೂ ಬೇರೆ ಮಾತಿನ ನಡುವೆ. ಅಂದರೆ ನಾನು ಕೊಟ್ಟದ್ದು ಹುಡುಗನಿಗೆ ಫೋನು, ಭಾವನಿಗೆ ಸಾಲ. ನನ್ನ ಹೋಲಿಕೆಯಲ್ಲಿ 14,000 ಕೆಳಗೆ ಬಿದ್ದದ್ದು ಹಾಸ್ಟೆಲ್ ದೆಸೆಯಿಂದ ಅಲ್ಲ, ಈ ಮೆಣಸಿನಿಂದ.

5,000ದ ಕಥೆ ಚಿಕ್ಕದು. 2024ರ ಮೇನಲ್ಲಿ ತಮ್ಮನ ಮಗಳಿಗೆ. ಚಿನ್ನ ಕೊಡೋಣ ಅಂತ ಹೆಂಡತಿ ಹೇಳಿದಳು. ಆಗಿನ ರೇಟಿಗೆ ಐದು ಸಾವಿರಕ್ಕೆ ಒಂದು ಗ್ರಾಮೂ ಬರುತ್ತಿರಲಿಲ್ಲ, ಮೇಲೆ ಮಜೂರಿ, 3 ಪರ್ಸೆಂಟ್ ಜಿಎಸ್‌ಟಿ. ಕಣ್ಣಿಗೆ ಕಾಣದ ಚಿನ್ನ ಯಾಕೆ ಅಂತ 4,850ಕ್ಕೆ ಕೈಗಡಿಯಾರ ತಂದೆ. ಹಾಸ್ಟೆಲ್‌ನಲ್ಲಿ ಬಿಡುತ್ತಾರೆ, ಅದೊಂದು ಸಮಾಧಾನ. ಆದರೆ ಚರ್ಮದ ಬೆಲ್ಟು. ನಮ್ಮ ಮಳೆಗಾಲದಲ್ಲಿ ಬೀರುವಿನೊಳಗಿನ ಚಪ್ಪಲಿಗೇ ಬೂಷ್ಟು ಬರುತ್ತದೆ, ಬೆಲ್ಟು ಬಿಡುತ್ತದೆಯೇ? ಆಗಸ್ಟ್‌ಗೆ ಬಿಳಿ ಬಿಳಿ. ಸ್ಟೀಲ್ ಚೈನಿನದ್ದು ತರಬೇಕಿತ್ತು. ಇನ್ನೊಂದು, ನೀಟ್, ಸಿಇಟಿ ಎರಡಕ್ಕೂ ಗಡಿಯಾರ ಕಟ್ಟಿಕೊಂಡು ಹೋಗುವಂತಿಲ್ಲ. ‘ದೊಡ್ಡಪ್ಪ, ಟೈಮ್ ಬೇಕಾದ ದಿನವೇ ಇದನ್ನು ಕಟ್ಟೋ ಹಾಗಿಲ್ಲ’ ಅಂತ ಅವಳು ನಗುತ್ತಾಳೆ. ಕೆಟ್ಟ ಉಡುಗೊರೆ ಏನಲ್ಲ. ಒಬ್ಬಳೇ ಮಗಳು, ತಮ್ಮ ಸಂಬಳದವನು, ಹಿಂತಿರುಗಿಸಲು ಅವನಿಗೆ ಕಷ್ಟವಿಲ್ಲ. ಅಂಥ ಕಡೆ 5,000 ಸರಿ. ಆದರೆ ಒಬ್ಬರಿಗೆ ಐದು ಕೊಟ್ಟು ಇನ್ನೊಬ್ಬರಿಗೆ ಎರಡು ಕೊಟ್ಟರೆ ಅತ್ತಿಗೆ ನಾದಿನಿಯರ ನಡುವೆ ಅದು ನಾಲ್ಕೇ ದಿನದಲ್ಲಿ ಗೊತ್ತಾಗುತ್ತದೆ. ನಮ್ಮ ಊರಿನಲ್ಲಿ ನೆಟ್‌ವರ್ಕ್ ಇಲ್ಲದಿರುವುದು ಫೋನಿಗೆ ಮಾತ್ರ.

500? ಪರಿಚಯದವರಿಗೆ ಸಾಕು. ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರು, 501. ಯಾರಿಗೂ ಹೊರೆಯಲ್ಲ, ಯಾರಿಗೂ ನೆನಪೂ ಇರುವುದಿಲ್ಲ. ಹತ್ತಿರದ ಮಕ್ಕಳಿಗೆ ಮಾತ್ರ ಇದು ಬೇಡ. ನಾನು ಒಮ್ಮೆ ಕೊಟ್ಟು ನಾಚಿಕೊಂಡಿದ್ದೇನೆ. ನಮ್ಮ ಪಕ್ಕದ ಎಸ್ಟೇಟಿನ ಲೈನ್‌ಮನೆಯ, ಅಂದರೆ ಕೂಲಿಯವರ ಸಾಲುಮನೆಯ, ಒಬ್ಬ ಹುಡುಗ, ರಜೆಯಲ್ಲಿ ನಮ್ಮ ತೋಟಕ್ಕೂ ಕೆಲಸಕ್ಕೆ ಬರುತ್ತಿದ್ದ. ಅಕ್ಕನ ಮಗ ಪಾಸಾದ ವರ್ಷವೇ ಅವನೂ ಪಾಸಾದ. ಅವನಿಗೆ ಕವರು ಕೊಟ್ಟದ್ದು ಮಧ್ಯಾಹ್ನ, ಕುಶಾಲನಗರದಿಂದ ಫೋನು ತಂದದ್ದು ಅದೇ ಸಂಜೆ. ಎರಡರಲ್ಲಿ ಯಾವುದು ಯಾರಿಗೆ ಜಾಸ್ತಿ ಬೇಕಿತ್ತು ಅಂತ ಅವತ್ತು ಹೊಳೆಯಲಿಲ್ಲ.

ಪೋಸ್ಟ್ ಆಫೀಸಿನ ಆರ್‌ಡಿಯನ್ನೂ ಯೋಚಿಸಿದ್ದೆ. ತಿಂಗಳಿಗೆ 100 ರೂಪಾಯಿಂದ ಶುರು, ಐದು ವರ್ಷ. ಒಳ್ಳೆಯದೇ, ಆದರೆ ಬೇರೆಯವರ ಮಕ್ಕಳಿಗಲ್ಲ. ತಿಂಗಳು ತಿಂಗಳು ಕಟ್ಟುವವರು ಯಾರು?

ಈಗ ನನ್ನ 2,000ಕ್ಕೆ ಬರುತ್ತೇನೆ. 2025ರಲ್ಲಿ ನಾಲ್ಕು ಮಕ್ಕಳಿಗೆ ಕೊಟ್ಟೆ. ಪೂರ್ತಿ ದುಡ್ಡಲ್ಲ, ಪೂರ್ತಿ ಸಾಮಾನೂ ಅಲ್ಲ. 1,001 ಕವರಿನಲ್ಲಿ, ಉಳಿದದ್ದಕ್ಕೆ ಜೂನ್ ಒಂದಕ್ಕೇ ಬೇಕಾಗುವ ವಸ್ತು. ಇಬ್ಬರಿಗೆ ಪ್ಯಾಂಟು ಜಾಕೆಟ್ಟು ಎರಡೂ ಇರುವ ರೇನ್‌ಕೋಟು. ಒಬ್ಬಳಿಗೆ ಕಾಲೇಜ್ ಬ್ಯಾಗು, ಮೇಲೆ ಮಳೆಗೆ ಹೊದಿಸುವ ಕವರಿನ ಸಮೇತ. ಒಬ್ಬನಿಗೆ ಉದ್ದ ಕಾವಿನ ಕೊಡೆ ಮತ್ತು ಮಳೆಗೆ ಹಾಕುವ ಚಪ್ಪಲಿ. ಕೊಡೆ ಕೊಡುವುದಾದರೆ ಉದ್ದದ್ದೇ ಕೊಡಿ. ಮೂರು ಮಡಿಕೆಯದ್ದು ಆಷಾಢದ ಗಾಳಿಗೆ ಬಸ್‌ಸ್ಟಾಪಿನಲ್ಲೇ ಮಗುಚಿಕೊಳ್ಳುತ್ತದೆ. ಬೆಂಗಳೂರಿನಲ್ಲಿರುವ ಮಾವಂದಿರು ಕಳಿಸುವುದು ಯಾವಾಗಲೂ ಅದೇ!

ಕವರಿನ ದುಡ್ಡು ನೋಟಿನಲ್ಲೇ, ಮಗುವಿನ ಕೈಗೇ. ಫೋನ್‌ಪೇ ಮಾಡಿದರೆ ಅಪ್ಪನ ಅಕೌಂಟಿಗೆ ಹೋಗುತ್ತದೆ, ಅಲ್ಲಿಂದ ಸೀದಾ ಗೊಬ್ಬರದ ಅಂಗಡಿಗೆ. ತಪ್ಪು ಅನ್ನುತ್ತಿಲ್ಲ, ಮೇ ತಿಂಗಳಲ್ಲಿ ನನ್ನ ಅಕೌಂಟೂ ಹಾಗೇ. ಆದರೆ ಆ ಸಾವಿರ ರೂಪಾಯಿ ಆ ಮಗುವಿನದ್ದು. ಒಬ್ಬ ಅದರಲ್ಲಿ ಬಸ್ ಪಾಸು ಮಾಡಿಸಿದನಂತೆ. ಇನ್ನೊಬ್ಬ ಮಡಿಕೇರಿಗೆ ಹೋಗಿ ಗೆಳೆಯರ ಜೊತೆ ಬಿರಿಯಾನಿ ತಿಂದು, ರಾಜಾಸೀಟು ನೋಡಿ, ಮುನ್ನೂರು ಉಳಿಸಿಕೊಂಡು ಬಂದ. ಎರಡೂ ನನಗೆ ಒಪ್ಪಿಗೆ.

ಆ ನಾಲ್ವರಲ್ಲಿ ಒಬ್ಬನ ಬಗ್ಗೆ ಹೇಳಲೇಬೇಕು. ಮೇ 2ರ ರಿಸಲ್ಟಿನಲ್ಲಿ ಅವನು ಗಣಿತದಲ್ಲಿ ಫೇಲು. 2025ರಲ್ಲಿ ಪರೀಕ್ಷೆ 1, ಪರೀಕ್ಷೆ 2, ಪರೀಕ್ಷೆ 3 ಅಂತ ಒಂದೇ ವರ್ಷದಲ್ಲಿ ಮೂರು ಅವಕಾಶ ಇತ್ತಲ್ಲ, ಅವನು ಎರಡನೆಯದರಲ್ಲಿ ಪಾಸಾದ. ಆಗ ಮಳೆ ಹಿಡಿದಿತ್ತು. ಸ್ವೀಟು ಹಂಚುವವರಿಲ್ಲ, ಸ್ಟೇಟಸ್ ಹಾಕುವವರಿಲ್ಲ. ಕೊಡೆ, ಚಪ್ಪಲಿ, ಕವರು ತೆಗೆದುಕೊಂಡು ಅವನ ಮನೆಗೆ ಹೋದರೆ ಅವನ ಅಮ್ಮ, ‘ಇವನಿಗಾ? ಫೇಲಾಗಿದ್ದವನಿಗೆ ಯಾಕಣ್ಣ ಇದೆಲ್ಲ’ ಎಂದರು. ಹುಡುಗ ಬಾಗಿಲ ಸಂದಿಯಲ್ಲಿ ನಿಂತಿದ್ದ. ಮಾರ್ಕ್ಸ್ ನೋಡಿ ಮೊತ್ತ ಇಡುತ್ತಿದ್ದ ಕಾಲದಲ್ಲಾಗಿದ್ದರೆ ನಾನೂ ಹೋಗುತ್ತಿರಲಿಲ್ಲ. ಮೊತ್ತ ಎಲ್ಲರಿಗೂ ಒಂದೇ ಅಂತ ಇಟ್ಟುಕೊಂಡ ಕಾರಣ ಕಾಲು ತಾನಾಗಿ ಹೋಯಿತು.

2,000ಕ್ಕೆ ದೂರು ಬರಲಿಲ್ಲ ಅಂತಲ್ಲ. 2025ರ ಶುರುವಿನಲ್ಲಿ ಕಾಫಿಗೆ ಹಿಂದೆಂದೂ ನೋಡದ ರೇಟು ಬಂತು. ಕವರುಗಳೂ ಅದರ ಜೊತೆ ದಪ್ಪ ಆದವು. ಒಬ್ಬರು ಮದುವೆ ಊಟದ ಪಂಕ್ತಿಯಲ್ಲೇ ಕೇಳಿದರು, ‘ಕಾಫಿ ಈ ರೇಟಿಗೆ ಮಾರಿ ಎರಡು ಸಾವಿರವಾ?’ ಅಂತ. ರೇಟು ಮುಂದಿನ ವರ್ಷ ಇಳಿಯಬಹುದು. ಪುಸ್ತಕದಲ್ಲಿ ಬರೆದ ಮೊತ್ತವನ್ನು ಇಳಿಸುವುದು ಹೇಗೆ? ಒಮ್ಮೆ ಹತ್ತು ಸಾವಿರ ಕೊಟ್ಟ ಮನೆಗೆ ಮತ್ತೆ ಎರಡು ಸಾವಿರ ಹಿಡಿದು ಹೋಗುವುದಕ್ಕೆ ನನಗೆ ಧೈರ್ಯ ಇಲ್ಲ. ಅದಕ್ಕೆ ಏರಿಸುವುದೇ ಇಲ್ಲ.

ನನ್ನ ಜೇಬಿನ ಲೆಕ್ಕವೂ ಕೇಳಿ. ಹೆಂಡತಿಯ ಕಡೆ, ನನ್ನ ಕಡೆ, ಅಕ್ಕಪಕ್ಕ ಸೇರಿ ಮುಂದಿನ ಐದು ವರ್ಷದಲ್ಲಿ ಎಸ್ಸೆಸ್ಸೆಲ್ಸಿ ಬರೆಯುವ ಮಕ್ಕಳು ಹನ್ನೊಂದು. 2,000ದಂತೆ 22,000. 5,000ದಂತೆ 55,000. ಫೋನಿನ ಲೆಕ್ಕದಲ್ಲಿ 1,54,000. ಹೆಂಡತಿ ಇದನ್ನು ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದ ಮೇಲೆ ಚರ್ಚೆ ಮುಗಿಯಿತು. ತಿಂಗಳ ಸಂಬಳ ಇದ್ದು, ಕೊಡಬೇಕಾದ ಮಕ್ಕಳು ಒಬ್ಬರೋ ಇಬ್ಬರೋ ಇರುವವರು ಐದು ಸಾವಿರದ ತನಕ ಹೋಗಲಿ. ಅದಕ್ಕಿಂತ ಮೇಲೆ ಹೋಗುವ ಮೊದಲು ಎರಡು ಕೆಲಸ ಮಾಡಿ. ಹಾಸ್ಟೆಲ್ ಪಟ್ಟಿಯ ಹಿಂಬದಿ ಓದಿ. ಆ ಮನೆಯವರು ನಿಮಗೆ ಇಷ್ಟೇ ವಾಪಸ್ ಕೊಡಬೇಕಾಗಿ ಬಂದರೆ ಏನು ಮಾರಬೇಕಾದೀತು ಅಂತ ಯೋಚಿಸಿ.

ಬರುವ ವರ್ಷ ನನ್ನ ಮಗಳದ್ದೇ ಎಸ್ಸೆಸ್ಸೆಲ್ಸಿ. ಮೊನ್ನೆ ಅಕ್ಕ ಫೋನ್ ಮಾಡಿದ್ದಳು.

‘ನಿನ್ನ ಮಗಳಿಗೆ ಏನು ಕೊಡಲಿ ಹೇಳು. ಭಾವ ಮೊಬೈಲೇ ಕೊಡೋಣ ಅಂತಿದ್ದಾರೆ.’

‘ಯಾವ ಮೊಬೈಲು? ಬೀರುವಿನಲ್ಲಿರೋದಾ?’

ಸ್ವಲ್ಪ ಹೊತ್ತು ನಕ್ಕಳು. ಆಮೇಲೆ, ‘ರೇನ್‌ಕೋಟಿಗೆ ಅವಳ ಅಳತೆ ಎಷ್ಟು?’ ಅಂತ ಕೇಳಿದಳು.