ಹಾಲು ಕಾಫಿ ಬಣ್ಣದ ಗೇರ್ ಆಯಿಲ್: ಸೆಕೆಂಡ್‌ಹ್ಯಾಂಡ್ ಹೈಬ್ರಿಡ್ ಜೊತೆ ಎರಡೂವರೆ ವರ್ಷ

ಖುಷಿ ಕೊಟ್ಟಿದ್ದನ್ನು ಮೊದಲು ಹೇಳಿಬಿಡುತ್ತೇನೆ. ನನ್ನದು ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟರೂ ಇರುವ ಹೈಬ್ರಿಡ್ ಕಾರು. ಬೆಳಗ್ಗೆ ಆರೂವರೆಗೆ ಬಟನ್ ಒತ್ತಿದರೆ ಸದ್ದೇ ಇಲ್ಲ. 'ರೆಡಿ' ಅಂತ ದೀಪ ಹತ್ತುತ್ತದೆ, ಅಷ್ಟೇ. ಟೈರಿನ ಪಕ್ಕ ಮಲಗಿದ ಬೀದಿ ನಾಯಿ ಕೂಡ ಏಳುವುದಿಲ್ಲ, ನಾನೇ ಇಳಿದು ಎಬ್ಬಿಸಬೇಕು. ಭಾನುವಾರ ಚಾಮುಂಡಿ ಬೆಟ್ಟ ಇಳಿಯುವಾಗ ಬ್ಯಾಟರಿಯ ಗೆರೆ ಒಂದೊಂದೇ ಏರುವುದನ್ನು ನೋಡುವುದು ನನ್ನ ಚಟ. ಟ್ಯಾಂಕ್ ತುಂಬಿಸಿದಾಗಲೆಲ್ಲ ಡೈರಿಯಲ್ಲಿ ಬರೆಯುತ್ತೇನೆ. ಲೀಟರಿಗೆ 19ಕ್ಕಿಂತ ಕೆಳಗೆ ಇಳಿದಿದ್ದೇ ಇಲ್ಲ.

2021ರ ಗಾಡಿ. 2023ರ ಜನವರಿಯಲ್ಲಿ ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ ತಗೊಂಡೆ. ಓಡಿದ್ದು ಬರೀ 16,000 ಕಿ.ಮೀ. ಇಷ್ಟು ಬೇಗ ಯಾಕೆ ಮಾರಿದರು ಅಂತ ಮನೆಯವಳು ಕೇಳಿದಳು. 'ಫಾರಿನ್‌ಗೆ ಹೋದರಂತೆ' ಅಂದೆ. ಡೀಲರ್ ಹೇಳಿದ ಮಾತು, ಸುಮ್ನೆ ಒಪ್ಪಿಸಿದ್ದೆ.

2024ರ ಆಗಸ್ಟ್‌ನಲ್ಲಿ 40ರ ವೇಗಕ್ಕೆ ಬಂದಾಗ 'ಗುಂಯ್' ಅನ್ನುವ ಸದ್ದು ಶುರುವಾಯಿತು. ನಾನು ಟೈರ್ ಇರಬೇಕು ಅಂದುಕೊಂಡೆ. ಗೇರ್‌ಬಾಕ್ಸ್ ಮೇಲೆ ಅನುಮಾನವೇ ಬರಲಿಲ್ಲ. ಈ ಥರದ ಹೈಬ್ರಿಡ್‌ನಲ್ಲಿ ಬೆಲ್ಟ್ ಇಲ್ಲ, ಕ್ಲಚ್ ಇಲ್ಲ. ಎರಡು ಮೋಟರು, ನಡುವೆ ಹಲ್ಲಿನ ಚಕ್ರಗಳು. ರಿವರ್ಸ್‌ಗೂ ಬೇರೆ ಗೇರ್ ಬೇಡ, ಮೋಟರೇ ಹಿಂದಕ್ಕೆ ತಿರುಗುತ್ತದೆ. ಸವೆಯುವುದಕ್ಕೆ ಏನಿದೆ ಅಲ್ವಾ?

ಸರ್ವೀಸ್ ಸೆಂಟರ್‌ಗೆ ಧೈರ್ಯವಾಗಿಯೇ ಹೋದೆ. 8 ವರ್ಷ ವಾರಂಟಿ ಅಂತ ಡೀಲರ್ ಹೇಳಿದ್ದನಲ್ಲ. ಆ 8 ವರ್ಷ ಹೈಬ್ರಿಡ್ ಬ್ಯಾಟರಿಗೆ ಮಾತ್ರ ಅಂತ ಅಲ್ಲಿ ಗೊತ್ತಾಯಿತು. ಗೇರ್‌ಬಾಕ್ಸ್ ಮಾಮೂಲಿ 3 ವರ್ಷದ ವಾರಂಟಿಯಲ್ಲಿ ಬರುತ್ತದೆ. ಇನ್ನೂ ನಾಲ್ಕು ತಿಂಗಳು ಬಾಕಿ ಇತ್ತು, ಬಚಾವ್ ಅಂದುಕೊಂಡೆ.

ಆಮೇಲೆ ಆಯಿಲ್ ಇಳಿಸಿದರು. ಹುಡುಗ ನೀರಿನ ಬಾಟಲಿಯಲ್ಲಿ ಹಿಡಿದು ತಂದು ತೋರಿಸಿದ. ಕೆಂಪಗೆ ತಿಳಿಯಾಗಿರಬೇಕಾದದ್ದು ಹೋಟೆಲಿನ ಹಾಲು ಕಾಫಿ ಥರ ಇತ್ತು. 'ನೀರು ಹೋಗಿದೆ ಸಾರ್. ಗಾಡಿ ಮುಳುಗಿತ್ತಾ?' 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ರಸ್ತೆಗಳು ಕೆರೆಯಾಗಿದ್ದು ಆಗ ನೆನಪಾಯಿತು. ಗೇರ್‌ಬಾಕ್ಸ್ ಮೇಲೆ ಗಾಳಿಯಾಡಲು ಒಂದು ಸಣ್ಣ ಕೊಳವೆ ಇರುತ್ತದಂತೆ. ನೀರು ಅದರಿಂದ ಒಳಗೆ ಹೋಗಿರಬೇಕು. ಪ್ರವಾಹದ ಹಾನಿಗೆ ವಾರಂಟಿ ಇಲ್ಲ. ಪಾಲಿಸಿ ಮಾಡಿಸುವ ಮುಂಚೆ ಆದ ಹಾನಿಗೆ ನನ್ನ ಇನ್ಶೂರೆನ್ಸೂ ಇಲ್ಲ. ಹೊಸ ಗೇರ್‌ಬಾಕ್ಸ್‌ಗೆ 4.2 ಲಕ್ಷ ಎಸ್ಟಿಮೇಟ್ ಕೊಟ್ಟರು.

ತಪ್ಪು ನನ್ನದೂ ಇದೆ. ಚಾಸಿಸ್ ನಂಬರ್ ಹಿಡಿದು ಸರ್ವೀಸ್ ದಾಖಲೆ ಕೇಳಬಹುದಿತ್ತು, ಹಳೇ ಇನ್ಶೂರೆನ್ಸ್ ಕ್ಲೇಮ್ ವಿಚಾರಿಸಬಹುದಿತ್ತು. ಪೇಂಟ್ ಗೀರು ಹುಡುಕುತ್ತಾ ಅರ್ಧ ಗಂಟೆ ಕಳೆದೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಗುರುತು ನೋಡಲು ಒಂದು ನಿಮಿಷ ಸಾಕಿತ್ತು.

ಕೊನೆಗೆ ಬನ್ನಿಮಂಟಪದ ಒಬ್ಬ ಮೆಕ್ಯಾನಿಕ್ ಬಿಚ್ಚಿ, ಬೇರಿಂಗ್ ಹಾಕಿ, ಮೂರು ಸಲ ಆಯಿಲ್ ಬದಲಿಸಿದರು. 78,000 ರೂಪಾಯಿ. ಗ್ಯಾರಂಟಿ ಕೇಳಿದ್ದಕ್ಕೆ ನಕ್ಕರು.

ಮೈಲೇಜ್ ಈಗಲೂ ಅಷ್ಟೇ ಇದೆ. ನಾಯಿ ಈಗಲೂ ಏಳುವುದಿಲ್ಲ. ಆದರೆ ರಿಂಗ್ ರೋಡಿಗೆ ಬಂದು 40 ಆಗುತ್ತಿದ್ದಂತೆ ಕೈ ತಾನಾಗಿ ರೇಡಿಯೊ ಆಫ್ ಮಾಡುತ್ತದೆ. ಗ್ಲಾಸ್ ಇಳಿಸಿ ಕಿವಿ ಕೊಡುತ್ತೇನೆ. 'ಇವತ್ತೇನಂತೆ?' ಅಂತ ಮನೆಯವಳು ಕೇಳುತ್ತಾಳೆ.