ಹಳೇ .22 ರಿವಾಲ್ವರ್ ಕೊಳ್ಳುವವರಿಗೆ: ಬಿಲ್ಲಿನಲ್ಲಿ ಒಂದು ನಂಬರ್, ಸಿಲಿಂಡರ್ ಮೇಲೆ ಇನ್ನೊಂದು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರು ಯಾರಾದರೂ ಗುರಿ ಹೊಡೆಯುವ ಹವ್ಯಾಸಕ್ಕೆ ಅಂತ ಹಳೇ ವಿದೇಶಿ .22 (ನಳಿಗೆಯ ಅಳತೆ ಸುಮಾರು 0.22 ಇಂಚು) ರಿವಾಲ್ವರ್ ಹುಡುಕುತ್ತಿದ್ದರೆ, ದಯವಿಟ್ಟು ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ. ನಮ್ಮ ಮಾಮಾಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ಅವರ ಒಂದು ಹಂಗಾಮಿನ ಕಬ್ಬಿನ ಬಿಲ್ಲು ಹೆಚ್ಚೂಕಡಿಮೆ ಪೂರ್ತಿ ಇದಕ್ಕೇ ಹೋಯಿತು. ಅದಕ್ಕಿಂತ ದೊಡ್ಡದು ಅಂದರೆ, ರೇಂಜಿನಲ್ಲಿ ಪಕ್ಕದ ಲೇನ್‌ನಲ್ಲಿದ್ದ ಹುಡುಗನ ಕೆನ್ನೆಗೆ ಸೀಸದ ಚೂರು ಬಡಿದು ರಕ್ತ ಬಂತು. ಅವನು ಸೇಫ್ಟಿ ಕನ್ನಡಕ ಹಾಕಿದ್ದಕ್ಕೆ ಕಣ್ಣು ಉಳಿಯಿತು.

ಮಾಮಾ ಜಮಖಂಡಿ ಕಡೆಯವರು. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ .22 ರೈಫಲ್ ಹಿಡಿದ ಕೈ ಅದು. ಆ ಹುಚ್ಚು ಬಿಟ್ಟಿರಲಿಲ್ಲ. ಅಜ್ಜನ ಕಾಲದ ಜೋಡಿನಳಿಗೆ ಬಂದೂಕು ಅವರ ಲೈಸೆನ್ಸಿನಲ್ಲಿ ಮೊದಲೇ ಇತ್ತು. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಒಬ್ಬರ ಹತ್ತಿರ ಎರಡೇ ಆಯುಧ ಇರಬಹುದು, ಮೊದಲು ಮೂರಕ್ಕೆ ಅವಕಾಶ ಇತ್ತು. ಅಂದರೆ ಮಾಮಾಗೆ ಉಳಿದದ್ದು ಒಂದೇ ಜಾಗ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಕೊಂಡ ಆಯುಧ ಕೆಟ್ಟದ್ದು ಅಂತ ಗೊತ್ತಾದರೆ ಅಂಗಡಿಗೆ ವಾಪಸ್ ಕೊಟ್ಟು ಬೇರೆಯದು ತಂದುಕೊಳ್ಳುವ ವ್ಯವಹಾರ ಅಲ್ಲ ಇದು. ಲೈಸೆನ್ಸಿನಲ್ಲಿ ನಂಬರ್ ಹತ್ತಿದ ಮೇಲೆ ಅದು ನಿಮ್ಮದೇ. ಇಳಿಸಬೇಕಾದರೆ ಮತ್ತೆ ಅರ್ಜಿ, ಮತ್ತೆ ಜಿಲ್ಲಾಧಿಕಾರಿ ಕಚೇರಿ, ಮತ್ತೆ ಠಾಣೆ.

ಹೊಸದು ಕೊಳ್ಳಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ನಮ್ಮ ದೇಶದಲ್ಲಿ ಇಚ್ಛಾಪುರದ ರೈಫಲ್ ಕಾರ್ಖಾನೆ ‘ನಿಡರ್’ ಅಂತ .22 ರಿವಾಲ್ವರ್ ಮಾಡಿದೆ. ತೂಕ ಸುಮಾರು 250 ಗ್ರಾಂ. ಜೇಬಿನಲ್ಲಿ ಇಟ್ಟುಕೊಳ್ಳುವುದಕ್ಕೆ, ರಕ್ಷಣೆಗೆ ಅಂತ ಮಾಡಿದ್ದು. ಗುರಿ ಹೊಡೆಯುವವರಿಗೆ ಬೇಕಾದದ್ದು ಬೇರೆ: ಉದ್ದ ಬ್ಯಾರಲ್, ಕೈಯಲ್ಲಿ ನಿಲ್ಲುವ ತೂಕ, ತಿರುಪು ತಿರುಗಿಸಿ ಹೊಂದಿಸಬಹುದಾದ ಹಿಂದಿನ ಸೈಟ್. ಅದಕ್ಕೇ ಎಲ್ಲರ ಕಣ್ಣು ಹಳೇ ಸ್ಮಿತ್ ಆ್ಯಂಡ್ ವೆಸ್ಸನ್ ಕೆ-22, ಕೋಲ್ಟ್ ಆಫೀಸರ್ಸ್ ಮಾಡೆಲ್ ಮೇಲೆ ಹೋಗುತ್ತದೆ. ಕೆ-22 ಶುರುವಾದದ್ದು 1931ರಲ್ಲಿ. ಅದರ ಮಾಸ್ಟರ್‌ಪೀಸ್ ಮಾದರಿ 1940ರಲ್ಲಿ ಬಂತು, 1957ರಿಂದ ಮಾಡೆಲ್ 17 ಅಂತ ಹೆಸರಾಯಿತು. ಆರು ಗುಂಡು, ಆರು ಇಂಚಿನ ಬ್ಯಾರಲ್, ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ತೂಕ. ಚೆನ್ನಾಗಿ ಉಳಿದುಕೊಂಡಿದ್ದರೆ ಇವತ್ತಿಗೂ ಅದರ ಟ್ರಿಗರ್ ಮೀರಿಸುವುದು ಕಷ್ಟ. ಮಾಮಾ ಆಸೆಪಟ್ಟಿದ್ದರಲ್ಲಿ ತಪ್ಪೇನೂ ಇಲ್ಲ.

ಆದರೆ 1980ರ ದಶಕದಿಂದ ಸಾಮಾನ್ಯ ಜನರು ವಿದೇಶಿ ಆಯುಧ ತರಿಸುವುದು ಬಂದ್ ಆಗಿದೆ. ಹೆಸರು ಮಾಡಿದ ಶೂಟರ್‌ಗಳಿಗೆ ಮಾತ್ರ ಆ ಬಾಗಿಲು ತೆರೆದಿದೆ. ಹಾಗಾಗಿ ದೇಶದೊಳಗೆ ಇರುವ ಹಳೇ ಮಾಲೇ ಕೈಯಿಂದ ಕೈಗೆ ತಿರುಗುತ್ತದೆ. ಬೆಲೆಗೆ ಮಿತಿ ಇಲ್ಲ. ಬಿಡಿಭಾಗ ಸಿಗುವುದಿಲ್ಲ. ಇದು ಮಾರುವವನಿಗೂ ಚೆನ್ನಾಗಿ ಗೊತ್ತು.

ನಮ್ಮ ಜಿಲ್ಲೆಯ ಹೊರಗಿನ ಒಬ್ಬ ವ್ಯಾಪಾರಿ ಫೋನಿನಲ್ಲಿ ಫೋಟೋ ಕಳಿಸಿದ. ಹೋದೆವು. ಕಪ್ಪು ನೀಲಿ ಬಣ್ಣ ಮಿರಮಿರ ಮಿಂಚುತ್ತಿತ್ತು. ‘ಸಂಸ್ಥಾನಿಕರ ಮನಿ ಮಾಲು ಅದರೀ ಸಾಹೇಬ್ರ. ಬರೋಬ್ಬರಿ ಕೂತು ನಾಲ್ಕು ಗುಂಡು ಹೊಡದಿಲ್ಲ ಅವರು’ ಅಂದ. ಯಾವ ಸಂಸ್ಥಾನ ಅಂತ ಕೇಳಿದರೆ ನಗು. ನಮ್ಮ ಕಡೆಯವರಿಗೆ ಈ ಮಾತು ಎಲ್ಲಿ ತಾಗುತ್ತದೆ ಅಂತ ಅವನಿಗೆ ತಿಳಿದಿದೆ. ಜಮಖಂಡಿ, ಮುಧೋಳ ಎರಡೂ ಸಂಸ್ಥಾನಗಳಾಗಿದ್ದ ಊರು. 1857ರಲ್ಲಿ ಆಯುಧ ಒಪ್ಪಿಸಿ ಅಂತ ಬ್ರಿಟಿಷರ ಹುಕುಂ ಬಂದಾಗ ತಿರುಗಿ ಬಿದ್ದ ಹಲಗಲಿ ಇಲ್ಲೇ ಮುಧೋಳ ತಾಲ್ಲೂಕಿನಲ್ಲಿದೆ. ಹಳೇ ಆಯುಧ ಅಂದರೆ ನಮಗೆ ಬರೀ ಕಬ್ಬಿಣ ಅಲ್ಲ. ಆ ಅಭಿಮಾನಕ್ಕೇ ಬೆಲೆ ಕಟ್ಟಿ ಮಾರುವವರು ಇದ್ದಾರೆ. ಮನೆತನದ ಕಥೆಗೆ ಕಾಗದ ಇದ್ದರೆ ಸರಿ, ಹಳೇ ಲೈಸೆನ್ಸ್ ಪ್ರತಿ ಇದ್ದರೆ ಸರಿ. ಬಾಯಿಮಾತಿಗೆ ಒಂದು ರೂಪಾಯಿ ಜಾಸ್ತಿ ಕೊಡಬೇಡಿ.

ಇನ್ನೊಂದು ಮಾಡಿದ ಅವನು. ಆ್ಯಕ್ಷನ್ ಎಷ್ಟು ನಯ ನೋಡ್ರಿ ಅಂತ ಖಾಲಿ ರಿವಾಲ್ವರ್‌ನ ಟ್ರಿಗರ್ ಖಟ್ ಖಟ್ ಅಂತ ಒತ್ತುತ್ತಾ ಹೋದ. ದೊಡ್ಡ ಬೋರಿನ ಎಷ್ಟೋ ರಿವಾಲ್ವರ್‌ಗಳಲ್ಲಿ ಇದರಿಂದ ಅಂಥ ತೊಂದರೆ ಆಗುವುದಿಲ್ಲ. .22ರಲ್ಲಿ ಆಗುತ್ತದೆ. ಈ ಕಾಡತೂಸಿನ ಮದ್ದು ಹೊತ್ತಿಸುವ ಮಸಾಲೆ ಇರುವುದು ತಳದ ಅಂಚಿನೊಳಗೆ. ಹಾಗಾಗಿ ಪಿನ್ ಬಂದು ಹೊಡೆಯುವುದು ಅಂಚಿಗೆ. ಕಾಡತೂಸು ಇಲ್ಲದಿದ್ದರೆ ಆ ಏಟು ನೇರ ಸಿಲಿಂಡರ್‌ನ, ಅಂದರೆ ಗುಂಡು ತುಂಬುವ ತಿರುಗುವ ಭಾಗದ, ತೂತಿನ ಬಾಯಿಗೆ ಬೀಳುತ್ತದೆ. ಬಿದ್ದು ಬಿದ್ದು ಅಲ್ಲಿ ಸಣ್ಣ ಗುಳಿ ಬೀಳುತ್ತದೆ, ಲೋಹ ಒಳಗಡೆಗೆ ಮಡಚಿಕೊಳ್ಳುತ್ತದೆ. ಆಮೇಲೆ ಕಾಡತೂಸು ಪೂರ್ತಿ ಒಳಗೆ ಹೋಗುವುದಿಲ್ಲ. ಹೋದರೂ ಗುಳಿ ಬಿದ್ದ ಕಡೆ ಅಂಚಿಗೆ ಮುಂದುಗಡೆಯಿಂದ ಆಸರೆ ಇಲ್ಲದೆ ಕೆಲವೊಮ್ಮೆ ಗುಂಡು ಹಾರುವುದಿಲ್ಲ. ನಿಮ್ಮ ಮುಂದೆ ಯಾರಾದರೂ .22 ರಿವಾಲ್ವರ್ ಖಾಲಿ ಹೊಡೆದು ತೋರಿಸಿದರೆ, ಅದು ಎಷ್ಟು ವರ್ಷದಿಂದ ಹೀಗೆ ಹೊಡೆಸಿಕೊಂಡಿದೆ ಅಂತ ಯೋಚನೆ ಮಾಡಿ.

ಹೊಲದಲ್ಲಿ ಎರಡು ಗುಂಡು ಹಾರಿಸಿ ನೋಡೋಣ ಅಂತಲೂ ಕರೆದ. ಮಾಮಾ ಒಪ್ಪಲಿಲ್ಲ. ಒಳ್ಳೆಯದೇ ಮಾಡಿದರು. .22 ಸಣ್ಣದು ಅಂತ ಜನ ಹಗುರವಾಗಿ ನೋಡುತ್ತಾರೆ, ಆದರೆ ಅದರ ಗುಂಡು ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದು. ಕಬ್ಬಿನ ಗದ್ದೆಯ ಆಚೆ ಯಾರು ಇದ್ದಾರೆ ಅಂತ ಹೇಗೆ ಗೊತ್ತಾಗಬೇಕು?

ಕಾಗದ ಎಲ್ಲ ಆಗಿ, ಲೈಸೆನ್ಸಿನಲ್ಲಿ ನಂಬರ್ ಹತ್ತಿ, ರೇಂಜಿಗೆ ಹೋದ ದಿನವೇ ಬಣ್ಣ ಬಯಲಾಯಿತು. ಮೊದಲ ಗುಂಡು ಸರಿ ಹೋಯಿತು. ಎರಡನೆಯದಕ್ಕೆ ಬಲಗಡೆಯ ಹುಡುಗ ‘ಅಯ್ಯೋ’ ಅಂತ ಕೆನ್ನೆ ಹಿಡಿದುಕೊಂಡ. ಕೋಚ್ ಕೂಡಲೇ ಎಲ್ಲರ ಶೂಟಿಂಗ್ ನಿಲ್ಲಿಸಿದರು. ರಿವಾಲ್ವರ್ ಖಾಲಿ ಮಾಡಿಸಿದರು. ಹೊಡೆದ ಕಾಡತೂಸಿನ ಒಂದು ಖಾಲಿ ಕೇಸು ಕಚ್ಚಿಕೊಂಡು ಕೂತಿತ್ತು, ಹೊರಗೆ ಬರಲಿಲ್ಲ. ಇನ್ನೊಂದು ಕಾಡತೂಸು ಒಳಗೇ ಪೂರ್ತಿ ಕೂತಿರಲಿಲ್ಲ.

ಕೋಚ್ ಮಾಡಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ಖಾಲಿ ಸಿಲಿಂಡರ್ ಮುಚ್ಚಿ, ಅದರ ಮೇಲೆ ಹೆಬ್ಬೆರಳನ್ನು ಹಗುರವಾಗಿ ಒತ್ತಿ ಹಿಡಿದು, ಹ್ಯಾಮರ್ (ಹಿಂದಿನ ಸುತ್ತಿಗೆಯಂಥ ಭಾಗ) ಅನ್ನು ನಿಧಾನಕ್ಕೆ ಹಿಂದಕ್ಕೆ ಎಳೆದರು. ಹ್ಯಾಮರ್ ಪೂರ್ತಿ ಹಿಂದೆ ಹೋಗಿ ನಿಲ್ಲುವ ಹೊತ್ತಿಗೆ ಸಿಲಿಂಡರ್ ‘ಟಕ್’ ಅಂತ ಲಾಕ್ ಆಗಿರಬೇಕು. ನಾಲ್ಕು ತೂತಿಗೆ ಆಯಿತು. ಎರಡಕ್ಕೆ ಆಗಲಿಲ್ಲ, ಸಿಲಿಂಡರ್ ಒಂದು ಕೂದಲಷ್ಟು ಹಿಂದೆಯೇ ನಿಂತಿತು. ಹಾಗೆ ನಿಂತಾಗ ಗುಂಡು ಬ್ಯಾರಲ್‌ನ ಮಧ್ಯಕ್ಕೆ ಹೋಗದೆ ಅಂಚಿಗೆ ಬಡಿಯುತ್ತದೆ. ಕೆತ್ತಿಹೋದ ಸೀಸ ಸಿಲಿಂಡರ್ ಮತ್ತು ಬ್ಯಾರಲ್ ನಡುವಿನ ಸಂದಿನಿಂದ ಪಕ್ಕಕ್ಕೆ ಹಾರುತ್ತದೆ. ಹುಡುಗನಿಗೆ ಬಡಿದದ್ದು ಅದೇ.

ಆಮೇಲೆ ಅವರು ಹಿಡಿಯ ತಳ ತಿರುಗಿಸಿ ನಂಬರ್ ಓದಿದರು. ಸಿಲಿಂಡರ್ ತೆರೆದು ಅದರ ಹಿಂಬದಿಯ ನಂಬರ್ ಓದಿದರು. ಎರಡೂ ಬೇರೆ! ಬಿಲ್ಲಿನಲ್ಲಿ, ಲೈಸೆನ್ಸಿನಲ್ಲಿ ಇದ್ದದ್ದು ಹಿಡಿಯ ನಂಬರ್ ಮಾತ್ರ. 1957ಕ್ಕಿಂತ ಮುಂಚಿನ ಸ್ಮಿತ್ ಆ್ಯಂಡ್ ವೆಸ್ಸನ್ ರಿವಾಲ್ವರ್‌ಗಳಲ್ಲಿ ಒಂದೇ ನಂಬರನ್ನು ಹಿಡಿಯ ತಳ, ಸಿಲಿಂಡರ್‌ನ ಹಿಂಬದಿ, ಬ್ಯಾರಲ್‌ನ ಕೆಳಗೆ, ಹೀಗೆ ಬೇರೆಬೇರೆ ಕಡೆ ಒತ್ತುತ್ತಿದ್ದರು. ಮಾಮಾಗೆ ಮಾರಿದ್ದು ಎರಡು ರಿವಾಲ್ವರ್ ಕೂಡಿಸಿ ಮಾಡಿದ ಒಂದು ರಿವಾಲ್ವರ್. ಒಂದರ ಸಿಲಿಂಡರ್ ಇನ್ನೊಂದಕ್ಕೆ ಸುಮ್ನೆ ಹಾಕಿದರೆ ಕೂಡುವುದಿಲ್ಲ. ಬಲ್ಲವರು ಕೂತು ಹೊಂದಿಸಬೇಕು. ಅದನ್ನೂ ಮಾಡಿರಲಿಲ್ಲ. ಇದರಲ್ಲಿ ತಯಾರಿಸಿದ ಕಂಪನಿಯದ್ದೇನೂ ತಪ್ಪಿಲ್ಲ. ಅವರು ಕಾರ್ಖಾನೆಯಿಂದ ಕಳಿಸಿದ ಆಯುಧವೇ ಅಲ್ಲ ಇದು.

ಲೈಸೆನ್ಸ್ ಇರುವ ರಿಪೇರಿಯವರು ನೋಡಿ ಉಳಿದದ್ದನ್ನು ಹೇಳಿದರು. ಮಿಂಚುವ ಬಣ್ಣ ಹೊಸದಾಗಿ ಕೊಟ್ಟಿದ್ದು. ಬಣ್ಣದ ಕೆಳಗೆ ತುಕ್ಕು ತಿಂದ ಗುಳಿಗಳು. ಉಜ್ಜಿ ಉಜ್ಜಿ ಚೂಪಾಗಿರಬೇಕಾದ ಅಂಚುಗಳೆಲ್ಲ ದುಂಡಗಾಗಿವೆ. ಬ್ಯಾರಲ್ ಮೇಲಿನ ಅಕ್ಷರ ಮಸುಕಾಗಿದೆ, ತಿರುಪಿನ ತೂತಿನ ಸುತ್ತ ತಗ್ಗು ಬಿದ್ದಿದೆ. ಬ್ರಿಟಿಷರ ಕಾಲದಲ್ಲಿ ಲಂಡನ್ ಮೂಲಕ ಬಂದ ಎಷ್ಟೋ ಅಮೆರಿಕನ್ ರಿವಾಲ್ವರ್‌ಗಳ ಮೇಲೆ ಪ್ರೂಫ್ ಮುದ್ರೆಯ (ಪರೀಕ್ಷೆ ಮಾಡಿ ಒತ್ತಿದ ಗುರುತು) ಜೊತೆ ‘ನಾಟ್ ಇಂಗ್ಲಿಷ್ ಮೇಕ್’ ಅಂತ ಒತ್ತಿರುತ್ತದೆ. ಇದರಲ್ಲಿ ಆ ಸಾಲಿನ ಅರ್ಧ ಅಕ್ಷರ ಅಳಿಸಿಹೋಗಿವೆ. ಹಳೇ ಬಣ್ಣ ಅಲ್ಲಲ್ಲಿ ಮಾಸಿದ್ದು, ಬೂದು ಬಿದ್ದಿದ್ದು ನೋಡಿ ಬೇಜಾರಾಗಬೇಡಿ. ನಾನಂತೂ ಈಗ ಮಾಸಿದ್ದನ್ನೇ ಜಾಸ್ತಿ ನಂಬುತ್ತೇನೆ.

ವ್ಯಾಪಾರಿಗೆ ಫೋನ್ ಮಾಡಿದರೆ ‘ಹಳೀ ಮಾಲು ಹಂಗೇ ಇರತದರೀ, ನೀವು ನೋಡೇ ತಗೊಂಡೀರಿ’ ಅಂದ. ನಂಬರ್ ಮಾತು ಎತ್ತಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ನಂಬರ್ ವಿಷಯ ಗುರಿಗೆ ಮಾತ್ರ ಸಂಬಂಧಪಟ್ಟದ್ದಲ್ಲ, ಇದನ್ನು ಗಟ್ಟಿಯಾಗಿ ಹೇಳಬೇಕು. 1959ರ ಆಯುಧ ಕಾಯ್ದೆಯ 8ನೇ ಕಲಂ ಗುರುತಿನ ನಂಬರ್ ಬಗ್ಗೆಯೇ ಇದೆ. ತಯಾರಕರ ಹೆಸರು, ನಂಬರ್ ಇಲ್ಲದ ಬಂದೂಕು ಮಾರುವಂತಿಲ್ಲ. ನಂಬರ್ ಅಳಿಸುವುದು, ತಿದ್ದುವುದು ಅಪರಾಧ. ಅಳಿಸಿದ ನಂಬರಿನ ಆಯುಧ ಯಾರ ಕೈಯಲ್ಲಿ ಸಿಗುತ್ತದೋ ಅವರೇ ಅಳಿಸಿದ್ದು ಅಂತ ಮೊದಲು ಭಾವಿಸುತ್ತಾರೆ, ಅಲ್ಲ ಅಂತ ಸಾಬೀತು ಮಾಡುವ ಭಾರ ಅವರ ಮೇಲೆ. ಮಾಮಾರದ್ದರಲ್ಲಿ ನಂಬರ್ ಅಳಿಸಿರಲಿಲ್ಲ. ಆದರೂ ವಕೀಲರ ಮಾತಿನಂತೆ ಎರಡೂ ನಂಬರ್ ಬರೆದು, ಫೋಟೋ ಹಚ್ಚಿ, ಜಿಲ್ಲಾಧಿಕಾರಿ ಕಚೇರಿಗೆ ಮತ್ತು ಠಾಣೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತೆಗೆದುಕೊಂಡರು. ಚುನಾವಣೆ ಬಂದಾಗ ಆಯುಧವನ್ನು ಠಾಣೆಯಲ್ಲಿ ಡಿಪಾಸಿಟ್ ಮಾಡಿ ಅಂತ ಹೇಳಬಹುದಲ್ವಾ? ಆಗ ಯಾರೋ ಹೊಸ ಅಧಿಕಾರಿ ಸಿಲಿಂಡರ್ ತೆರೆದು ಕೇಳಿದರೆ ಉತ್ತರ ಕೈಯಲ್ಲಿರಬೇಕು.

ಲೇಥ್ ಇಟ್ಟುಕೊಂಡಿರುವ ಪರಿಚಯದವರೊಬ್ಬರು ‘ತರ್ರಿ, ನಾ ಸರಿ ಮಾಡತೀನಿ’ ಅಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಹಾಗೆ ಕೊಡಬೇಡಿ. ಆಯುಧ ರಿಪೇರಿ ಮಾಡುವುದಕ್ಕೂ ಲೈಸೆನ್ಸ್ ಬೇಕು. ಇಲ್ಲದವರ ಹತ್ತಿರ ಕೊಟ್ಟರೆ ಇಬ್ಬರೂ ಸಿಕ್ಕಿಬೀಳುತ್ತೀರಿ.

ಇಷ್ಟಾದ ಮೇಲೂ ಹಳೆಯದೇ ಬೇಕು ಅನ್ನುವವರು ಒಂದು ಕೆಲಸ ಮಾಡಿ. ನೋಡಲು ಹೋಗುವಾಗ ರಿವಾಲ್ವರ್ ಬಲ್ಲ ಕೋಚ್ ಅಥವಾ ಲೈಸೆನ್ಸ್ ಇರುವ ರಿಪೇರಿಯವರನ್ನು ಕರೆದುಕೊಂಡು ಹೋಗಿ, ಅವರ ದಿನದ ಕೂಲಿ ಕೊಟ್ಟಾದರೂ ಸರಿ. ಮೊದಲು ಸಿಲಿಂಡರ್ ತೆರೆದು ಖಾಲಿ ಇದೆಯಾ ಅಂತ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ನೋಡಿ. ಟಾರ್ಚ್ ಬಿಟ್ಟು ಆರೂ ತೂತಿನ ಬಾಯಿ ನೋಡಿ, ಪಿನ್ ಹೊಡೆದ ಗುಳಿ ಇದ್ದರೆ ಬರಿಗಣ್ಣಿಗೇ ಕಾಣುತ್ತದೆ. ಸಿಲಿಂಡರ್ ಮತ್ತು ಬ್ಯಾರಲ್ ನಡುವಿನ ಸಂದು ಅಳೆಯಲು ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡುವ ಫಿಲ್ಲರ್ ಗೇಜ್ ಸಾಕು. 0.10ರಿಂದ 0.20 ಮಿ.ಮೀ. ಇದ್ದರೆ ಒಳ್ಳೆಯದು, 0.30 ದಾಟಿದ್ದನ್ನು ಮುಟ್ಟಬೇಡಿ. ಹೆಬ್ಬೆರಳಿನ ಪರೀಕ್ಷೆ ಆರೂ ತೂತಿಗೆ ಮಾಡಿಸಿ, ಒಂದೆರಡಕ್ಕೆ ಮಾಡಿ ಬಿಟ್ಟರೆ ನಮಗಾದ ಹಾಗೇ ಆಗುತ್ತದೆ. ಹ್ಯಾಮರ್ ಇಳಿಸುವಾಗ ಹೆಬ್ಬೆರಳಲ್ಲಿ ಹಿಡಿದೇ ನಿಧಾನಕ್ಕೆ ಇಳಿಸಿ. ವ್ಯಾಪಾರಿ ಅಲ್ಲದ ಲೈಸೆನ್ಸ್‌ದಾರರಿಂದ ಕೊಳ್ಳುವುದಾದರೆ, ಮಾರುವವರು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು ಅಂತ ಕಾನೂನೇ ಇದೆ. ಅವಸರ ಮಾಡುವವರಿಂದ ದೂರ ಇರಿ. ಆ 45 ದಿನ ಪರೀಕ್ಷೆ ಮಾಡಿಸುವುದಕ್ಕೆ ಕೊಳ್ಳುವವರಿಗೂ ಸಿಗುತ್ತದೆ.

ಹೊಸದೋ ಹಳೆಯದೋ ಅಂತ ನನ್ನನ್ನು ಕೇಳಿದರೆ: ರಕ್ಷಣೆಗೆ ಅಂದರೆ ಹೊಸದು, ಅದರಲ್ಲಿ ಎರಡು ಮಾತಿಲ್ಲ. ಗ್ಯಾರಂಟಿ ಇರುತ್ತದೆ, ನಂಬರ್ ಒಂದೇ ಇರುತ್ತದೆ. ಗುರಿಗೆ ಅಂದರೆ, ಎಲ್ಲ ನಂಬರ್ ಒಂದೇ ಇರುವ, ಪರೀಕ್ಷೆಯಲ್ಲಿ ಪಾಸಾದ ಹಳೆಯದು ಸಿಗುವವರೆಗೆ ಕಾಯುವುದು. ಕಾಯುವಾಗ ಕೈ ಸುಮ್ನೆ ಇರಬೇಕಿಲ್ಲ. 0.177 ಇಂಚಿನ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. 10 ಮೀಟರ್ ಜಾಗ ಇದ್ದರೆ ಸಾಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದೂ 10 ಮೀಟರ್ ಏರ್ ಪಿಸ್ತೂಲಿನಲ್ಲೇ. ಮಾಮಾ ಈಗ ಅದನ್ನೇ ಹಿಡಿದಿದ್ದಾರೆ. ಕೆನ್ನೆಗೆ ಪೆಟ್ಟಾದ ಹುಡುಗನೇ ಅವರಿಗೆ ನಿಲ್ಲುವ ಭಂಗಿ ಹೇಳಿಕೊಡುತ್ತಿದ್ದಾನೆ.

ಈಗ ಯಾರ ಜೊತೆಗಾದರೂ ಸ್ಮಿತ್ ಆ್ಯಂಡ್ ವೆಸ್ಸನ್‌ಗೆ ಮಾತುಕತೆ ನಡೆಸುತ್ತಿದ್ದರೆ, ಊರು ಬಿಟ್ಟು ಹೊರಡುವ ಮುಂಚೆ ಮೂರು ಫೋಟೋ ತರಿಸಿಕೊಳ್ಳಿ: ಹಿಡಿಯ ತಳ, ಸಿಲಿಂಡರ್‌ನ ಹಿಂಬದಿ, ಬ್ಯಾರಲ್‌ನ ಕೆಳಭಾಗ. ಅದು 1957ರ ನಂತರದ್ದು, ಎಲ್ಲ ಕಡೆ ನಂಬರ್ ಇರುವುದಿಲ್ಲ ಅಂದರೆ ಮಾಡೆಲ್ ನಂಬರಿನ ಫೋಟೋ ಕೇಳಿ. ಸಿಲಿಂಡರ್ ತೆರೆದರೆ ಚೌಕಟ್ಟಿನ ಒಳಬದಿಯಲ್ಲಿ ಅದು ಕಾಣಬೇಕು. ಕಳಿಸಲು ಹಿಂದೆಮುಂದೆ ನೋಡಿದರೆ ಆ ವ್ಯವಹಾರ ಅಲ್ಲಿಗೇ ಬಿಡಿ.