ಗಾಳಿಯಿಂದ ನೀರು: ಕಂಪ್ರೆಸರ್ ಮಷೀನು, ಪೆಲ್ಟಿಯರ್ ಡಬ್ಬಿ, ಎಸಿ ಪೈಪು, ಇಬ್ಬನಿ ಹಾಳೆ ನಾಲ್ಕನ್ನೂ ಅಳೆದು ನೋಡ್ದೆ

ಗಾಳಿಯಿಂದ ನೀರು ತೆಗೆಯೋ ಮಷೀನ್ ತಗೊಳ್ಳೋಣ ಅಂತಿರೋರು, ದಿನಕ್ಕೆ ಇಷ್ಟು ಲೀಟರ್ ಅಂತ ಡಬ್ಬದ ಮೇಲೆ ಬರೆದಿರೋದನ್ನ ನಂಬ್ಕೊಂಡು ಹೋಗ್ಬೇಡಿ, ಲೀಟರ್‌ಗೆ ಎಷ್ಟು ಯೂನಿಟ್ ಕರೆಂಟ್ ಅಂತ ಕೇಳಿ. ನಾನು ಪ್ಲಗ್‌ಗೆ ಮೀಟರ್ ಹಾಕಿ, ಬಂದ ನೀರನ್ನ ಅಳತೆ ಜಗ್ಗಿಗೆ ಸುರಿದು ಬರೆದಿಟ್ಕೊಂಡಿದೀನಿ.

ಪೆಲ್ಟಿಯರ್ ಡಬ್ಬಿ ಅಂದ್ರೆ ಕಂಪ್ರೆಸರ್ ಇಲ್ದೆ, ಕರೆಂಟ್ ಕೊಟ್ರೆ ಒಂದು ಬದಿ ತಣ್ಣಗಾಗೋ ಸಣ್ಣ ಬಿಲ್ಲೆಯಿಂದ ಗಾಳೀನ ತಣಿಸೋದು. ಸದ್ದೇ ಮಾಡಲ್ಲ, ಅದೊಂದೇ ಒಳ್ಳೇದು. 60 ವ್ಯಾಟ್, ಇಡೀ ದಿನ ಓಡಿಸಿದ್ರೂ ಒಂದು ಲೋಟದಷ್ಟು ನೀರು. ಲೀಟರ್ ಲೆಕ್ಕ ಹಾಕಿದ್ರೆ ಐದು ಯೂನಿಟ್ ಹತ್ರ ಹೋಗತ್ತೆ, ಬೇಡ.

ಕಂಪ್ರೆಸರ್ ಇರೋ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯೋ ಮಷೀನು) ನಿಜವಾಗ್ಲೂ ಕೆಲಸ ಮಾಡತ್ತೆ, ಗಾಳಿಯ ತೇವಾಂಶ 80 ಪರ್ಸೆಂಟ್ ದಾಟಿದ ದಿನ 11 ಲೀಟರ್ ಬಂತು, ಲೀಟರ್‌ಗೆ ಅರ್ಧ ಯೂನಿಟ್. ಆದ್ರೆ ಅದೇ ಮಷೀನು 40ರ ಆಸುಪಾಸಿನ ದಿನ ಮೂರು ಲೀಟರೂ ಕೊಡ್ಲಿಲ್ಲ. ಯಾಕಂದ್ರೆ 30 ಡಿಗ್ರಿ ಬಿಸಿಯಲ್ಲಿ 80 ಪರ್ಸೆಂಟ್ ಇದ್ರೆ ಒಂದು ಘನ ಮೀಟರ್ ಗಾಳೀಲಿ 24 ಗ್ರಾಂ ನೀರಿರತ್ತೆ, 40 ಇದ್ರೆ 12, ಮಷೀನ್ ಒಳಗಿನ ತಣ್ಣನೆ ಕೊಳವೆ ಸುರುಳಿ (ಕಾಯಿಲ್) ಗಾಳೀನ 10 ಡಿಗ್ರಿಗೆ ಇಳಿಸಿದ್ರೂ 9 ಗ್ರಾಂ ಗಾಳೀಲೇ ಉಳ್ಕೊಂಡು ಆಚೆ ಹೋಗತ್ತೆ, ಹಾಗಾಗಿ ಸಿಗೋದು 15ರಿಂದ 3ಕ್ಕೆ ಇಳಿಯತ್ತೆ. ಇನ್ನೊಂದು ವಿಷ್ಯ, ಶುರುವಿನಲ್ಲಿ ಕಿಟಕಿ ಮುಚ್ಚಿ ಓಡಿಸ್ತಿದ್ದೆ, ಸ್ವಲ್ಪ ಹೊತ್ತಿಗೆ ಹನಿ ಬೀಳೋದೇ ನಿಂತೋಗ್ತಿತ್ತು, ಮಷೀನ್ ಕೆಟ್ಟಿದೆ ಅನ್ಕೊಂಡಿದ್ದೆ. ಆಮೇಲೆ ಲೆಕ್ಕ ಹಾಕಿದ್ರೆ ಆ ಇಡೀ ರೂಮಿನ ಗಾಳೀಲಿ ಇದ್ದಿದ್ದೇ ಒಂದು ಲೀಟರ್ ಚಿಲ್ರೆ! ನೀರು ಬೇಕಂದ್ರೆ ಕಿಟಕಿ ತೆಗೀಲೇಬೇಕು, ಹೊಸ ಗಾಳಿ ಬರ್ಬೇಕು. ಮುಚ್ಚಿದ್ರೆ ರೂಮೂ ಬಿಸಿಯಾಗತ್ತೆ.

ಇಬ್ಬನಿಗೆ ಅಂತ ಒಂದು ಚದರ ಮೀಟರ್ ಬಿಳಿ ಪ್ಲಾಸ್ಟಿಕ್ ಹಾಳೆ ಓರೆಯಾಗಿ ಕಟ್ಟಿದ್ದೆ. ಬೆಳಗಿನ ಜಾವ ಹೋಗಿ ನೋಡಿದ್ರೆ ಮೈತುಂಬ ಸಣ್ಣ ಸಣ್ಣ ಹನಿ, ಬೆರಳಲ್ಲಿ ಮೆಲ್ಲಗೆ ತಟ್ಟಿದ್ರೆ ಒಂದಕ್ಕೊಂದು ಸೇರ್ಕೊಂಡು ಸರಸರ ಅಂತ ಇಳೀತವೆ, ನೋಡೋಕೆ ತುಂಬಾ ಖುಷಿ. ಚೊಕ್ಕ ಆಕಾಶ ಇದ್ದ ರಾತ್ರಿ 150 ಎಂಎಲ್, ಮೋಡ ಇದ್ರೆ ಸೊನ್ನೆ, ಹಾಳೆಯ ಶಾಖ ಆಕಾಶಕ್ಕೆ ಹೋಗೋಕೆ ಮೋಡ ಬಿಡಲ್ಲ.

ಕೊನೆಗೆ ನನಗೆ ಹಿಡಿಸಿದ್ದು ಎಸಿ ಡ್ರೈನ್ ಪೈಪು. ಎಸಿ ಹೇಗೂ ಓಡ್ತಿರತ್ತೆ, ಪೈಪಿನ ಬಾಯಿಗೆ ಬಕೆಟ್ ಇಟ್ರೆ ಸೆಖೆ ಇರೋ ಒಂದು ರಾತ್ರಿಗೆ ಎಂಟು ಲೀಟರ್ ಹತ್ರ, ನೀರಿಗೆ ಅಂತ ಬೇರೆ ಕರೆಂಟೇ ಇಲ್ಲ. ನೆಲ ಒರೆಸೋಕೆ, ಟಾಯ್ಲೆಟ್‌ಗೆ, ಗಿಡಕ್ಕೆ ಸಾಕಾಗತ್ತೆ. ಕುಡಿಯೋಕೆ ಮಾತ್ರ ಬೇಡವೇ ಬೇಡ, ಮಷೀನಿಂದೂ ಅಷ್ಟೇ. ಐದು ದಿನ ಬಿಟ್ಟು ಮಷೀನಿನ ನೀರಿನ ಟ್ರೇ ಎಳೆದ್ರೆ ಮೂಲೇಲಿ ಕಂದು ಲೋಳೆ ಕೂತಿತ್ತು, ಮುಟ್ಟಿದ್ರೆ ಜಾರ್ತಿತ್ತು, ನೀರು ನೋಡಿದ್ರೆ ಮಾತ್ರ ಕನ್ನಡಿ ಥರ ತಿಳಿ. ಈಗ ಮೂರು ದಿನಕ್ಕೊಂದ್ಸಲ ಟ್ರೇ ಉಜ್ಜಿ ತೊಳ್ದು ಒಣಗಿಸ್ತೀನಿ.